ಉದ್ದ ತೋಳಿನ ಹೊಲಿಗೆ ಮಿಷನ್ನು

ಎಲ್ಲಕ್ಕೂ ಮೂಲ ಏಳು ನಿಮಿಷದ ಒಂದು ವೀಡಿಯೊ. ಯಾವುದೋ ದೇಶದ ಬಿಳಿಗೂದಲಿನ ಹೆಂಗಸೊಬ್ಬಳು ಉದ್ದನೆಯ ಚೌಕಟ್ಟಿಗೆ ಕೌದಿಯನ್ನು ಬಿಗಿದು, ಅದರ ಮೇಲೆ ಹೊಲಿಗೆ ಮಿಷನ್ನನ್ನು ಆಟದ ಕಾರಿನ ಹಾಗೆ ಓಡಿಸಿ, ಕಾಫಿ ಆರುವುದರೊಳಗೆ ಒಂದು ಸಾಲು ಮುಗಿಸುತ್ತಿದ್ದಳು. ಚಿನ್ನದ ಗಣಿಯ ಊರಾದ ಉರಿಗಾಂನ ಕದಿರಪ್ಪನವರು ಅದನ್ನು ಹನ್ನೊಂದು ಸಲ ನೋಡಿದರು.

ಕದಿರಪ್ಪನವರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೇರೆಯವರು ಮಾಡಿದ ಸಾಮಾನನ್ನು ಅಳೆದು ‘ಸರಿಯಿಲ್ಲ’ ಎಂದು ವಾಪಸು ಕಳಿಸಿ ನಿವೃತ್ತರಾದವರು. ಆಮೇಲೆ ಸರಿಯಿಲ್ಲ ಎನ್ನಲು ಮನೆಯಲ್ಲಿ ಉಳಿದದ್ದು ಎರಡೇ: ಹೆಂಡತಿ ಅಕ್ಕಯ್ಯಮ್ಮನ ಸಾರು ಮತ್ತು ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಆಕೆ ಕೈಯಲ್ಲೇ ಹೊಲಿಯುತ್ತಿದ್ದ ಕೌದಿ. ಆ ಕಡೆಯ ಮಾತಿನಲ್ಲಿ ಅದು ಬೊಂತ. ಸಾರಿಗೆ ಹೆಸರಿಟ್ಟ ದಿನ ಎರಡು ಹೊತ್ತು ಉಪವಾಸ ಬಿದ್ದಿದ್ದರಿಂದ, ಅವರು ಬೊಂತವನ್ನು ಸುಧಾರಿಸಲು ಹೊರಟರು.

ಹದಿನೈದು ದಿನದಲ್ಲಿ ಕಬ್ಬಿಣದ ಪೈಪುಗಳ ಹತ್ತಡಿ ಚೌಕಟ್ಟು ನಡುಮನೆಯಲ್ಲಿ ಎದ್ದು ನಿಂತಿತು. ಅಡುಗೆಮನೆಗೆ ಹೋಗಬೇಕಾದರೆ ಅಕ್ಕಯ್ಯಮ್ಮ ಅದರ ಕೆಳಗೆ ನುಸುಳಿಯೇ ಹೋಗಬೇಕು. ಪಕ್ಕದ ಮನೆಯ ಪೆರುಮಾಳ್ ಬಂದು ನೋಡಿ, “ಗಣಿ ಮುಚ್ಚಿ ಇಷ್ಟ್ ವರ್ಷ ಆಯ್ತು ಸಾರ್, ಈಗ ಮನೆ ಒಳಗೇ ಶಾಫ್ಟ್ ಆಕ್ತಿದೀರಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೀದಿಗೆಲ್ಲ ಹೇಳಲು ಹೋದ.

ಚೌಕಟ್ಟೇನೋ ಆಯಿತು, ಮಿಷನ್ನು ಆಗಲಿಲ್ಲ. ಬೊಂತದಲ್ಲಿ ಹೊಲಿದಾದ ಭಾಗವನ್ನು ಸುತ್ತುತ್ತ ಹೋದಂತೆ ಸುರುಳಿ ದಪ್ಪವಾಗುತ್ತದೆ. ಆ ಸುರುಳಿ ಮಿಷನ್ನಿನ ತೋಳಿನ ಕೆಳಗಿನ ಸಂದಿಯಲ್ಲಿ ಹಿಡಿಸಬೇಕು. ಮನೆಯಲ್ಲಿದ್ದ ಹಳೆಯ ತುಳಿಯುವ ಮಿಷನ್ನಿನ ತೋಳು ಗೇಣುದ್ದವೂ ಇರಲಿಲ್ಲ. ಊರಿನ ಅಂಗಡಿಗಳಲ್ಲಿ ಕದಿರಪ್ಪನವರು ಒಂಬತ್ತು ಮಿಷನ್ನು ನೋಡಿ ಒಂಬತ್ತಕ್ಕೂ ‘ಸರಿಯಿಲ್ಲ’ ಎಂದರು. ಒಂದು ಕುಳ್ಳು, ಒಂದು ನಡುಗುತ್ತದೆ, ಒಂದಕ್ಕೆ ನೂರು ತರಹದ ಹೂವು ಬಿಡಿಸಲು ಬರುತ್ತದೆ, ನೆಟ್ಟಗೆ ಹೊಲಿಯಲು ಮಾತ್ರ ಬರುವುದಿಲ್ಲ.

ಮೂರು ವಾರ ಹೀಗೇ ಕಳೆಯಿತು. ಚೌಕಟ್ಟಿಗೆ ಬಿಗಿದಿದ್ದದ್ದು ಕಾರ್ಖಾನೆ ಕ್ವಾರ್ಟರ್ಸಿನ ಹರಿಪ್ರಿಯಾ ತನ್ನ ತಂಗಿಯ ಮಗುವಿನ ನಾಮಕರಣಕ್ಕೆಂದು ಹೇಳಿದ್ದ ಬೊಂತ. ಅರ್ಧ ಹೊಲಿದದ್ದು ಅರ್ಧದಲ್ಲೇ ನಿಂತಿತ್ತು. ಕೈಯಲ್ಲಾದರೂ ಮುಗಿಸುತ್ತೇನೆಂದು ಅಕ್ಕಯ್ಯಮ್ಮ ಹೇಳಿದರೆ ಕದಿರಪ್ಪನವರು ಬಿಡರು. “ಸ್ಟ್ಯಾಂಡಿಗೆ ಆಕಿರೋದ್ನ ಕೈಲಿ ಒಲಿಯೋದು ಅಂದ್ರೆ, ಬಸ್ ತಗಂಡು ತಳ್ಕಂಡು ಓದಂಗೆ” ಎನ್ನುತ್ತಿದ್ದರು.

ಗುರುವಾರ ಬೆಳಗ್ಗೆ ಅಕ್ಕಯ್ಯಮ್ಮ ಚೌಕಟ್ಟಿನ ಕೆಳಗಿನಿಂದ ತಲೆ ಹೊರಗೆ ಹಾಕಿ ಹೇಳಿದಳು. “ನಾಳೆ ನಾಮಕರಣ. ಇವತ್ತು ಮಿಷನ್ನು ಸಿಗೋಗಂಟ ಮನೆಗೆ ಬರಬ್ಯಾಡಿ.”

ಅಳತೆಗೆ ಬೇಕೆಂದು ಹಳೆಯ ದಪ್ಪ ಬೊಂತವೊಂದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ಚಾರ್ಜಿಗೆ ಇಟ್ಟ ಫೋನನ್ನು ಅಲ್ಲೇ ಮರೆತು, ಕದಿರಪ್ಪನವರು ಮಾರಿಕುಪ್ಪಂನಿಂದ ಬಂದ ರೈಲು ಹತ್ತಿದರು. ಎದುರಿಗೆ ಕ್ಯಾಸಂಬಳ್ಳಿಯ ಮುನಿನಾರಾಯಣಪ್ಪ ಕೂತಿದ್ದ. ಉರಿಗಾಂನ ಅರ್ಧ ಮನೆಗಳಿಗೆ ಹಾಲು ಹಾಕುವವನು, ಹಾಲಿನ ಜೊತೆ ಸುದ್ದಿಯನ್ನೂ ಹಾಕುವವನು.

“ಏನಣ್ಣ, ಆಸಿಗೆ ಎತ್ಕಂಡು ಎಲ್ಗೆ?”

“ಬಂಗಾರಪೇಟೆಗೆ.”

“ವಾಪಸ್ ಯಾವಾಗ?”

“ಒಳ್ಳೇದೊಂದು ಸಿಕ್ಕಾಗ. ಅಲ್ಲಿಗಂಟ ಮನೆಗೆ ಬರಬ್ಯಾಡ ಅಂದವ್ಳೆ ನಿಮ್ಮಕ್ಕ.”

ಮುನಿನಾರಾಯಣಪ್ಪ ಮುಂದಕ್ಕೆ ಬಾಗಿದ. “ಮನೇಲಿರೋದು ಆಗಲ್ವಾ ಅಣ್ಣ?”

“ಅದು ಅಳೇದಾಯ್ತು ಕಣಪ್ಪ. ಬರೀ ಸದ್ದು, ಕೆಲಸ ಕಮ್ಮಿ. ಇನ್ನೊಂದು ನೋಡ್ಕಳ್ಳೇಬೇಕು.”

“ಈ ವಯಸ್ಸಲ್ಲಾ?”

“ವಯಸ್ಸಿಗೂ ಇದಕ್ಕೂ ಏನ್ ಸಂಬಂಧ? ಕೈಕಾಲು ಗಟ್ಟಿ ಐತೆ.”

ಮುನಿನಾರಾಯಣಪ್ಪ ಎದ್ದು ಬಾಗಿಲ ಬಳಿ ಹೋಗಿ ಫೋನು ತೆಗೆದ. ಹಿಂಡಿ ಬೂಸದ ವ್ಯವಹಾರವಿರಬೇಕೆಂದುಕೊಂಡು ಕದಿರಪ್ಪನವರು ಕಿಟಕಿಯಾಚೆ ನೋಡುತ್ತ ಕೂತರು.

ಬಂಗಾರಪೇಟೆಯ ಮೊದಲ ಅಂಗಡಿಯಲ್ಲಿ ಅವರು ಕೇಳದೆಯೇ ಸುರುಳಿಯನ್ನು ಹೊಸ ಮಿಷನ್ನೊಂದರ ತೋಳಿಗೆ ತುರುಕಿದರು. ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಅಂಗಡಿಯವನು ಮಿಷನ್ನು ಹಿಡಿದ, ಇವರು ಬೊಂತ ಹಿಡಿದರು, ಬ್ಲೌಸ್ ಪೀಸು ಕೊಳ್ಳಲು ಬಂದಿದ್ದ ಮುದುಕಿಯೊಬ್ಬಳು ಇವರ ಸೊಂಟ ಹಿಡಿದಳು. ಕಟ್ಟೆಯ ಕೆಸರಿನಿಂದ ಎಮ್ಮೆ ಎಳೆದ ಹಾಗೆ ಎಳೆದಾಡಿದ ಮೇಲೆ ಬೊಂತ ಬಂತು, ಜೊತೆಗೆ ಮಿಷನ್ನಿನ ದೀಪವೂ ಕಿತ್ತು ಬಂತು. ಕದಿರಪ್ಪನವರು ಅದನ್ನು ಮೇಜಿನ ಮೇಲಿಟ್ಟು, “ಫಿಟ್ಟಿಂಗ್ ಸರಿಯಿಲ್ಲ” ಎಂದು ಹೇಳಿ ಅಲ್ಲಿಂದ ಕಾಲು ಕಿತ್ತರು.

ಎರಡನೆಯದು ಆಂಜಿನಪ್ಪನ ಹಳೆ ಸಾಮಾನಿನ ಅಂಗಡಿ.

“ಬಟ್ಟೆ ಅಲ್ಲಾಡಬಾರದು. ಮಿಷನ್ನೇ ಬಟ್ಟೆ ಮ್ಯಾಲೆ ಓಡಾಡಬೇಕು” ಎಂದು ಕದಿರಪ್ಪನವರು ವಿವರಿಸಿದರು.

“ಮತ್ತೆ ಟೈಲರು?”

“ಅವನೂ ಜೊತೇಲಿ ಓಡಾಡ್ತಾನೆ.”

ಆಂಜಿನಪ್ಪ ಅವರ ಮುಖ ನೋಡಿದ, ಕಂಕುಳಲ್ಲಿದ್ದ ಹಾಸಿಗೆ ನೋಡಿದ. “ಕೂತ್ಕಳಿ, ಮೊದ್ಲು ನೀರು ಕುಡೀರಿ” ಎಂದ. ಆಮೇಲೆ ಹಿಂದಿನ ಕೋಣೆಯಿಂದ, ಬಸ್ಸಿನ ಸೀಟು ಹೊಲಿಯುತ್ತಿದ್ದ ಮಿಷನ್ನೊಂದನ್ನು ಇಬ್ಬರಿಂದ ಹೊರಿಸಿ ತಂದ. ಕರುವಿನಷ್ಟು ಭಾರ, ಮೊಳದುದ್ದದ ತೋಳು. ಹೂವು ಬಳ್ಳಿ ಒಂದೂ ಬಾರದು, ನೆಟ್ಟಗೆ ಹೊಲಿಯುವುದೊಂದೇ ಬರುತ್ತಿತ್ತು. ಸುರುಳಿ ತೋಳಿನೊಳಗೆ ಸಲೀಸಾಗಿ ಹೋಗಿ ಸಲೀಸಾಗಿ ಬಂತು. ಕದಿರಪ್ಪನವರು ಎರಡು ಗಂಟೆ ಅಳೆದರು, ತಟ್ಟಿದರು, ಕಿವಿಯಿಟ್ಟು ಕೇಳಿದರು. ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಅವರಿಗೆ ಒಂಥರಾ ಬೇಜಾರೇ ಆಯಿತು. ಬೇರೆ ದಾರಿಯಿಲ್ಲದೆ ಕೊಂಡರು.

ಅದನ್ನು ಬೊಂತದಲ್ಲೇ ಸುತ್ತಿ, ರೈಲಿಗೆ ಹತ್ತಿಸಿ, ಇಳಿಸಿ, ಆಟೋಗೆ ಹಾಕಿ, ಹೊತ್ತು ಇಳಿಯುವಾಗ ಮನೆ ಮುಂದೆ ಬಂದರೆ ಬಾಗಿಲ ತುಂಬ ಚಪ್ಪಲಿ. ಯಾರಿಗೇನಾಯಿತೋ ಎಂದು ಕದಿರಪ್ಪನವರು ಒಳಗೆ ನುಗ್ಗಿದರು.

ಚೌಕಟ್ಟಿನ ಸುತ್ತ ಅಕ್ಕಯ್ಯಮ್ಮನ ಜೊತೆ ಬೀದಿಯ ಒಂಬತ್ತು ಜನ ಹೆಂಗಸರು ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಸೂಜಿ. ಬೀದಿಯ ಹಿರಿಯಳಾದ ನರಸಮ್ಮ ಕೊನೆಯ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದವಳು ಹಾಗೇ ತಲೆಯೆತ್ತಿ ನೋಡಿದಳು.

“ಬಂದ್ರಾ? ಇನ್ನೊಂದು ಸಿಕ್ತಾ?”

“ಸಿಕ್ತು. ಒರಗೆ ಆಟೋದಲ್ಲಿ ಐತೆ.”

ಒಂಬತ್ತು ಹೆಂಗಸರೂ ಒಟ್ಟಿಗೆ ಎದ್ದು ಹೊರಗೆ ಓಡಿದರು. ಕದಿರಪ್ಪನವರಿಗೆ ಹೆಮ್ಮೆಯಾಯಿತು. ಒಂದು ಮಿಷನ್ನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ಅವರು ಎಲ್ಲೂ ಕಂಡಿರಲಿಲ್ಲ.

ಅಕ್ಕಯ್ಯಮ್ಮ ಮಾತ್ರ ಕೂತಲ್ಲೇ, ಮುಗಿದ ಬೊಂತವನ್ನು ಚೌಕಟ್ಟಿನಿಂದ ಬಿಚ್ಚಿ ಮಡಿಸುತ್ತಿದ್ದಳು. “ನೀವು ಆಸಿಗೆ ಎತ್ಕಂಡು ಇನ್ನೊಬ್ಳನ್ನ ಉಡುಕ್ಕಂಡು ಓದ್ರಿ ಅಂತ ಮುನಿನಾರಾಯಣಪ್ಪ ಬೀದಿಗೆಲ್ಲ ಫೋನ್ ಮಾಡವ್ನೆ. ನಂಗೆ ಸಮಾಧಾನ ಏಳಕ್ಕೆ ಬೆಳಗ್ಗೆ ಒಂಬತ್ತಕ್ಕೇ ಎಲ್ರೂ ಬಂದ್ರು. ಸುಮ್ನೆ ಕೂತು ಅಳೋದ್ಯಾಕೆ ಅಂತ ಕೈಗೊಂದೊಂದು ಸೂಜಿ ಕೊಟ್ಟೆ. ನಿಮ್ ಸ್ಟ್ಯಾಂಡು ಚೆನ್ನಾಗೈತೆ ಕಣ್ರೀ, ಸುತ್ತ ಕೂತ್ರೆ ಸೊಂಟ ನೋವಿಲ್ಲ.”

ಕದಿರಪ್ಪನವರು ಚೌಕಟ್ಟಿನ ಪೈಪು ಹಿಡಿದುಕೊಂಡರು. “ಮಿಷನ್ ತರಕ್ಕೆ ಓಗವ್ರೆ ಅಂತ ಏಳ್ಬಾರ್ದಾ ನೀನು?”

“ಏಳಿದ್ರೆ ಎದ್ದು ಓಗ್ತಿದ್ರು.”

ಹೊರಗೆ ಪಿಸುಮಾತು ಎದ್ದಿತ್ತು. ಆಟೋದಲ್ಲಿ ಕಬ್ಬಿಣದ ಮಿಷನ್ನು ಬಿಟ್ಟರೆ ಬೇರೇನೂ ಇಲ್ಲದ್ದನ್ನು ಕಂಡು ಹೆಂಗಸರು ನಿರಾಸೆಯಿಂದ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ನರಸಮ್ಮ ತೀರ್ಪು ಕೊಟ್ಟಳು. “ಈಗ ಮಿಷನ್ ಬಂದೈತೆ. ಒಲಿಯೋಳು ಆಮ್ಯಾಲೆ ಬತ್ತಾಳೆ. ಗಂಡಸ್ರ ಸಂಗ್ತಿ ನಂಗೊತ್ತಿಲ್ವಾ?” ಎಲ್ಲರಿಗೂ ಅದು ಸರಿ ಕಂಡಿತು.

ಕದಿರಪ್ಪನವರು ಬಾಗಿಲಿಗೆ ಹೋಗಿ ಏನೋ ಹೇಳಲು ಬಾಯಿ ತೆರೆದರು. ಅಕ್ಕಯ್ಯಮ್ಮ ಅವರ ಅಂಗಿ ಹಿಡಿದು ಒಳಗೆಳೆದುಕೊಂಡು, ಮೆಲ್ಲಗೆ ಹೇಳಿದಳು.

“ಸುಮ್ಕಿರಿ. ಅರಿಪ್ರಿಯಮ್ಮಂಗೆ ಇನ್ನೂ ಎರಡು ಬೊಂತ ಬೇಕಂತೆ. ಸೋಮವಾರ ಬೆಳಗ್ಗೆ ಇನ್ನೊಂದ್ಸಲ ಆಸಿಗೆ ಎತ್ಕಂಡು ಓಗಿ. ಈ ಸಲ ರಾತ್ರಿಗೂ ಬರಬ್ಯಾಡಿ.”