ಕಕ್ಕಸಿನಿಂದ ಚಲಾಯಿಸಿದ ಮತ

ಗಣಿ ಕಂಪನಿ ಯುಸೇಬಿಯೊ ಬರಾಸನಿಗೆ ಹನ್ನೊಂದು ವಾರದ ಸಂಬಳ ಕೊಡುವುದು ಇವತ್ತಿಗೂ ಬಾಕಿ ಇದೆ. ಹಾಗಂತ ಯುಸೇಬಿಯೊ ಹೇಳುತ್ತಾನೆ. ಬಾಕಿ ಯಾವತ್ತೋ ಚುಕ್ತಾ ಆಯಿತು, ಇನ್ನು ಬಾಯಿ ಮುಚ್ಚು ಎಂದು ಅವನ ಹೆಂಡತಿ ಡೆಲ್ಫಿನಾ ಹೇಳುತ್ತಾಳೆ. ಬಾಕಿ ಹುಟ್ಟಿದ್ದು ಗಣಿಯ ಗೇಟಿನ ಮುಂದೆ. ಚುಕ್ತಾ ಆಯಿತೆನ್ನುವುದು ಒಂದು ಕಕ್ಕಸಿನ ಬಾಗಿಲ ಮುಂದೆ. ಆಗ ಯುಸೇಬಿಯೊ ಒಳಗಿದ್ದ. ಕಥೆ ಇಷ್ಟೇ. ಆದರೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೊನೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ನಲವತ್ತು ವರ್ಷದ ಹಿಂದಿನ ಮಾತು. ಅರಿಜೋನಾದ ಆ ತಾಮ್ರದ ಗಣಿಯಲ್ಲಿ ಕಂಪನಿಯವರು ಕಾರ್ಮಿಕ ಸಂಘದವರನ್ನೆಲ್ಲ ಹೊರಗಿಟ್ಟು ಗೇಟಿಗೆ ಬೀಗ ಜಡಿದರು. ದೂರದ ಊರುಗಳಿಂದ ಬಸ್ಸಿನಲ್ಲಿ ಆಳು ತುಂಬಿಕೊಂಡು ಬಂದು ಕೆಲಸ ನಡೆಸಿದರು. ಬಸ್ಸಿನವರು ಕಿಟಕಿಗೆ ಪರದೆ ಎಳೆದುಕೊಂಡು ಗೇಟು ದಾಟಿ ಒಳಗೆ ಹೋಗುತ್ತಿದ್ದರು. ಯುಸೇಬಿಯೊ ಬಿಸಿಲಲ್ಲಿ ನಿಂತು ಆ ಪರದೆಗಳಿಗೆ ಬೈಯುತ್ತಿದ್ದ. ಹನ್ನೊಂದು ವಾರಕ್ಕೆ ರಾಜಿಯಾಯಿತು. ಸಂಬಳದ ವಿಚಾರ ಆಮೇಲೆ ನೋಡೋಣ ಎಂದ ಕಂಪನಿ ಆಮೇಲೆ ಕೈ ಎತ್ತಿತು. ಅಂದಿನಿಂದ ಆ ಊರಿನಲ್ಲಿ ಬೈಗುಳವೆಂದರೆ ಒಂದೇ: 'ಗೇಟು ದಾಟಿದವನು'. ಹೆತ್ತ ತಾಯಿಯನ್ನು ಎಳೆದು ತಂದು ಬೈದವನ ಜೊತೆ ಮಾರನೇ ದಿನ ಬಿಯರ್ ಕುಡಿಯಬಹುದು. ಇದೊಂದು ಮಾತು ಅಂದಿರೋ, ಎರಡು ತಲೆಮಾರು ಮಾತು ಬಂದ್!

ಆ ಹನ್ನೊಂದು ವಾರದಲ್ಲಿ ಯುಸೇಬಿಯೊ ಸಂಘಕ್ಕೆ ಎರಡು ನಿಯಮ ಮಾಡಿಕೊಟ್ಟಿದ್ದ. ತೀರ್ಮಾನವೇನಿದ್ದರೂ ಕೈ ಎತ್ತಿಯೇ ಆಗಬೇಕು, ಎತ್ತಿದ ಕೈ ಸಭೆಗೆ ಕಾಣಬೇಕು, ಬಾಯಲ್ಲಿ ಕೂಗಿದ್ದು ಲೆಕ್ಕಕ್ಕಿಲ್ಲ. ಇದು ಮೊದಲನೆಯದು, ಗುಂಪಿನ ಹಿಂದೆ ನಿಂತು 'ಹೌದು' ಎಂದೂ 'ಇಲ್ಲ' ಎಂದೂ ಎರಡೂ ಸಲ ಕೂಗುವವರಿಗಾಗಿ ಮಾಡಿದ್ದು. ಗೇಟು ದಾಟಿದವನ ಮಾತು ಯಾವ ಸಭೆಯಲ್ಲೂ ಸಾಕ್ಷಿಯಲ್ಲ. ಇದು ಎರಡನೆಯದು. ಕಾಲಾಂತರದಲ್ಲಿ ಗಣಿ ಮುಚ್ಚಿತು, ಸಂಘ ಕರಗಿತು, ನಿಯಮಗಳಿಗೆ ಹೋಗಲು ಬೇರೆ ಜಾಗವಿಲ್ಲದೆ ಯುಸೇಬಿಯೊನ ಮನೆಗೆ ಬಂದು ಕೂತವು. ರಾತ್ರಿ ಊಟಕ್ಕೆ ಹುರುಳಿಯೋ ಜೋಳದ ತಮಾಲೆಯೋ? ಕೈ ಎತ್ತಿ. ಮಂಚ ಕಿಟಕಿ ಕಡೆಗೋ ಗೋಡೆ ಕಡೆಗೋ? ಕೈ ಎತ್ತಿ. ಸದಸ್ಯರು ಇಬ್ಬರೇ ಆದ್ದರಿಂದ ಮತ ಸಮಸಮ. ಸಮವಾದರೆ ಪ್ರಸ್ತಾವ ಬಿದ್ದುಹೋಯಿತು. ಆ ಮನೆಯ ಗೋಡೆಗೆ ಎಷ್ಟೋ ವರ್ಷದಿಂದ ಬಣ್ಣ ಬಳಿಯದೆ ಇರುವುದಕ್ಕೆ ಬಡತನ ಕಾರಣವಲ್ಲ, ಪ್ರಜಾಪ್ರಭುತ್ವ ಕಾರಣ.

ಆ ಗೋಡೆಯೂ ಅವರದ್ದಲ್ಲ, ಬಾಡಿಗೆಯದ್ದು. ಚಳಿಗಾಲದ ಶುರುವಿಗೆ ಮನೆಯ ಮಾಲೀಕ ಮನೆ ಮಾರಿ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದ. ಬೇರೆ ಮನೆಗಳ ಬಾಡಿಗೆ ಕೇಳಿದರೆ ಯುಸೇಬಿಯೊನ ಪಿಂಚಣಿ ತಾನೇ ನಾಚಿ ತಲೆ ತಗ್ಗಿಸುತ್ತಿತ್ತು.

"ಚಕ್ರದ ಮೇಲಿನ ಮನೆ ಕೊಳ್ಳೋಣ," ಎಂದಳು ಡೆಲ್ಫಿನಾ. "ಮೋಟಾರು ಹಾಕಿರೋ ಮನೆಬಂಡಿ. ಮಾಲೀಕ ಬಂದು ಖಾಲಿ ಮಾಡು ಅಂದ್ರೆ ಮನೇನೇ ಓಡಿಸ್ಕೊಂಡು ಹೋಗಬಹುದು."

ಎರಡು ಕೈ ಎದ್ದವು. ಆ ಮನೆಯ ಇತಿಹಾಸದಲ್ಲೇ ಮೊದಲ ಸರ್ವಾನುಮತ!

ಕೈಯಲ್ಲಿದ್ದದ್ದು ಹದಿನೆಂಟು ಸಾವಿರ ಡಾಲರ್. ಅಷ್ಟೇ, ಅದರಾಚೆ ಕಾಸಿಲ್ಲ. ಕೊಳೆತ ಬಂಡಿ ಗಂಟುಬಿದ್ದರೆ ಇನ್ನೊಂದು ಕೊಳ್ಳುವ ಮಾತಿಲ್ಲ. ಮುದುಕ ಮುದುಕಿ ಇಬ್ಬರೂ ಮರುಭೂಮಿಯಲ್ಲಿ ಕಳ್ಳಿಗಿಡದ ಪಕ್ಕ ನಿಲ್ಲಬೇಕು.

"ಏನೂ ಹೆದರಬೇಡ," ಎಂದು ಯುಸೇಬಿಯೊ ಎದೆ ತಟ್ಟಿಕೊಂಡ. "ಬೆಟ್ಟದ ಹೊಟ್ಟೇಲಿ ಆಯಸ್ಸು ಕಳೆದವನು ನಾನು. ತಲೆ ಮೇಲಿನ ಬಂಡೇನ ಬಡಿದು ಸದ್ದು ಕೇಳಿ, ಬೀಳುತ್ತೋ ನಿಲ್ಲುತ್ತೋ ಹೇಳ್ತಿದ್ದೆ. ಈ ತಗಡಿನ ಡಬ್ಬ ಯಾವ ಲೆಕ್ಕ? ನಂಗೆ ಟೋಪಿ ಹಾಕೋ ಗಂಡು ಇನ್ನೂ ಹುಟ್ಟಿಲ್ಲ!"

"ಹುಟ್ಟಿ, ಬೆಳೆದು, ರಿಟೈರ್ ಆಗಿ, ಮಾರೋಕೇ ಕಾಯ್ತಾ ಕೂತಿರ್ತಾನೆ. ನಡಿ," ಎಂದಳು ಡೆಲ್ಫಿನಾ.

ಚಳಿಗಾಲದಲ್ಲಿ ಆ ಮರುಭೂಮಿಯ ತುಂಬ ಮನೆಬಂಡಿಗಳೇ. ಉತ್ತರದ ಹಿಮಕ್ಕೆ ಬೆನ್ನು ತೋರಿಸಿ ಬಂದ ಮುದುಕರು ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿರುತ್ತಾರೆ. ನಾಲ್ಕರಲ್ಲಿ ಒಂದರ ಗಾಜಿನ ಮೇಲೆ 'ಮಾರಾಟಕ್ಕಿದೆ' ಎಂಬ ಚೀಟಿ ಇರುತ್ತದೆ. ಮೊದಲ ಬಂಡಿಯೊಳಗೆ ದಾಲ್ಚಿನ್ನಿಯ ಘಮಘಮ. ಯಜಮಾನಿ ಆಗತಾನೇ ರೊಟ್ಟಿ ಬೇಯಿಸಿದ್ದಳು. ಯುಸೇಬಿಯೊ ರೊಟ್ಟಿ ತಿಂದು, ಗೆಣ್ಣಿನಿಂದ ಗೋಡೆ ಬಡಿದ. 'ತೊಪ್' ಎಂದಿತು. ಹೆಬ್ಬೆರಳಿಟ್ಟು ಒತ್ತಿದ. ಹೆಬ್ಬೆರಳು ಗೋಡೆಯ ಆಚೆಗೆ ಹೋಗಿ ಬಿಸಿಲು ಕಂಡಿತು.

"ಅದು ಗಾಳಿ ಆಡೋಕೆ ಬಿಟ್ಟಿರೋದು," ಎಂದಳು ಯಜಮಾನಿ, ಒಂಚೂರೂ ಅಲ್ಲಾಡದೆ.

ಎರಡನೆಯದರಲ್ಲಿ ಹೊಚ್ಚಹೊಸ ಜಮಖಾನ. ಯುಸೇಬಿಯೊ ಅದರ ಮೇಲೆ ಕಾಲಿಟ್ಟ. ಜಮಖಾನದ ಸಮೇತ ಮೊಣಕಾಲಿನವರೆಗೆ ನೆಲದೊಳಗೆ ಇಳಿದ.

"ಗಣಿ ಮುಚ್ಚಿದಾರೆ, ಮೇಲೆ ಬಾ," ಎಂದು ಡೆಲ್ಫಿನಾ ಕೈ ಕೊಟ್ಟು ಎಳೆದಳು. ಕಾಲು ಬಂತು, ಬೂಟು ಬರಲಿಲ್ಲ.

ಮೂರನೆಯದರಲ್ಲಿ ಎಂಟು ಜನ ಮಲಗಬಹುದು ಎಂದು ಬರೆದಿತ್ತು. ಸತ್ಯವೇ. ಒಬ್ಬರ ಮೇಲೊಬ್ಬರು ಮಲಗಿದರೆ.

ನಾಲ್ಕನೆಯದು ವೆಂಡೆಲ್ ಎಂಬ ಒಣಕಲು ಮುದುಕನದ್ದು. ಮೊಣಕಾಲು ಕೆಟ್ಟು ಮೆಟ್ಟಿಲು ಹತ್ತಿಳಿಯುವುದು ಕಷ್ಟವಾಗಿ ಮಾರುತ್ತಿದ್ದ. ಹಳೇ ಬಂಡಿ, ಹೊರಗೆ ಬೆಲ್ಲದ ಬಣ್ಣದ ಪಟ್ಟಿ, ಒಳಗೆ ರೊಟ್ಟಿಯ ಘಮವೂ ಇಲ್ಲ ಹೊಸ ಜಮಖಾನವೂ ಇಲ್ಲ. ಯುಸೇಬಿಯೊ ಗೋಡೆ ಬಡಿದ. 'ಟಣ್!' ನೆಲ ಗುದ್ದಿದ. 'ಟಣ್!' ಚಾವಣಿ ತಟ್ಟಿದ. ಗುಡಿಯ ಗಂಟೆ! ಬೆಲೆ ಮಾತ್ರ ಇಪ್ಪತ್ತೆರಡು ಸಾವಿರ.

"ಇನ್ನೊಂದು ಪರೀಕ್ಷೆ ಬಾಕಿ ಇದೆ," ಎಂದು ಯುಸೇಬಿಯೊ ಗಂಭೀರವಾಗಿ ಘೋಷಿಸಿದ. "ರಜಾಕ್ಕೆ ಹೋಗೋರು ಹಾಸಿಗೆ ನೋಡ್ತಾರೆ. ವರ್ಷಪೂರ್ತಿ ಬದುಕೋರು ಕಕ್ಕಸು ನೋಡಬೇಕು. ಬಾಗಿಲು ಹಾಕ್ಕೊಂಡು ಕೂತಾಗ ಮೊಣಕಾಲು ಎಲ್ಲಿರುತ್ತೆ ಅನ್ನೋದೇ ಬದುಕು."

ಹೀಗೆ ತತ್ವ ಸಾರಿ, ಒಳಹೊಕ್ಕು, ಬಾಗಿಲು ಹಾಕಿಕೊಂಡು, ಪ್ಯಾಂಟು ತೊಟ್ಟುಕೊಂಡೇ ಕೂತ. ಮೊಣಕಾಲಿಗೆ ಜಾಗವಿತ್ತು. ಆಹಾ! ಎಂದುಕೊಂಡ.

ಇತ್ತ ವೆಂಡೆಲ್ ಡೆಲ್ಫಿನಾಗೆ ಬಂಡಿಯ ಕರಾಮತ್ತು ತೋರಿಸುತ್ತಿದ್ದ. ಅದರ ಒಂದು ಪಕ್ಕದ ಗೋಡೆ ಜಾರುಗೋಡೆ. ಗುಂಡಿ ಒತ್ತಿದರೆ ಸೋಫಾ ಸಮೇತ ಹೊರಕ್ಕೆ ಜಾರಿ ಕೋಣೆ ದೊಡ್ಡದಾಗುತ್ತದೆ. ಹೊರಡುವಾಗ ಮತ್ತೆ ಒತ್ತಿದರೆ ಒಳಕ್ಕೆ ಬರುತ್ತದೆ. ವೆಂಡೆಲ್ ಒತ್ತಿದ. ಹೊರಕ್ಕೆ ಚಾಚಿದ್ದ ಸೋಫಾ ರಾಜಠೀವಿಯಿಂದ ಒಳಕ್ಕೆ ಬಂತು, ಬಂತು, ಬಂದು ಕಕ್ಕಸಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಬಾಗಿಲು ತೆರೆಯುವುದು ಹೊರಕ್ಕೆ. ವೆಂಡೆಲ್ ಮತ್ತೆ ಗುಂಡಿ ಒತ್ತಿದ. 'ಕಟಕ್'. ಅಷ್ಟೇ. ಬ್ಯಾಟರಿ ಕೈ ಕೊಟ್ಟಿತ್ತು.

"ಮುದುಕೀ, ಬಾಗಿಲು ಯಾರು ಹಿಡ್ಕೊಂಡಿರೋದು?"

"ಸೋಫಾ."

"ತಮಾಷೆ ಸಾಕು!"

"ತಮಾಷೆ ನಾನಲ್ಲ, ನೀನು. ಬ್ಯಾಟರಿ ಸತ್ತಿದೆಯಂತೆ. ಚಾರ್ಜ್ ಆಗೋಕೆ ಒಂದೆರಡು ತಾಸು ಬೇಕಂತೆ. ಕೂತ್ಕೊಂಡಿರು, ಹೇಗೂ ಕೂರೋ ಜಾಗವೇ."

ಹೊತ್ತು ಕಳೆಯಬೇಕಲ್ಲ, ಡೆಲ್ಫಿನಾ ಮಾತಿಗೆ ಕೂತಳು. "ನೀವು ಈ ಕಡೆಯವರೇನಾ?"

"ಇಲ್ಲ ಮೇಡಂ, ಓಕ್ಲಹೋಮಾ. ತಾಮ್ರದ ಗಣಿಗೆ ಅಂತ ಬಂದೋನು ಇಲ್ಲೇ ಉಳ್ಕೊಂಡೆ. ಗೇಟಿಗೆ ಬೀಗ ಹಾಕಿದ್ರಲ್ಲ, ಆ ಬೇಸಿಗೆ. ಬಸ್ಸಲ್ಲಿ ತುಂಬ್ಕೊಂಡು ಬಂದ್ರು."

ಕಕ್ಕಸಿನೊಳಗೆ ಮದ್ದಿಟ್ಟು ಬಂಡೆ ಸಿಡಿಸಿದ ಹಾಗಾಯಿತು.

"ಗೇಟು ದಾಟಿದವನು! ಡೆಲ್ಫಿನಾ! ಅವನು ಗೇಟು ದಾಟಿದವನು ಕಣೇ!"

"ಹೆಂಡ್ತಿಗೆ ಹೆರಿಗೆಯಾಗಿ ವಾರ ಆಗಿತ್ತು," ಎಂದ ವೆಂಡೆಲ್, ಸೋಫಾದ ಕಡೆ ನೋಡುತ್ತ. "ಊರಲ್ಲಿ ಕೆಲಸ ಇರಲಿಲ್ಲ."

"ನಮ್ಮವಳಿಗೇನು ಮನೇಲಿ ಹಬ್ಬ ನಡೀತಿತ್ತಾ? ನನ್ನ ಕೂಸಿಗೆ ಹಾಲಿನ ಪುಡಿ ಸಾಲ ತಂದಿದೀನಿ! ಈ ಬಂಡಿ ನಂಗೆ ಬೇಡ! ನಡಿ ಮುದುಕೀ, ಹೋಗೋಣ!"

"ನಡಿ. ನೀನೇ ಮುಂದೆ ನಡಿ."

ಒಳಗಿನಿಂದ ಬಾಗಿಲು ಗುದ್ದುವ ಸದ್ದು. ಸೋಫಾ ಹಂದಲಿಲ್ಲ. ಡೆಲ್ಫಿನಾ ವೆಂಡೆಲ್‌ನ ಕಡೆ ತಿರುಗಿದಳು. ಅವಳ ದನಿ ಸಂತೆಯಲ್ಲಿ ಮೆಣಸಿನಕಾಯಿ ಆರಿಸುವಾಗ ಇರುವಂಥದ್ದು.

"ವೆಂಡೆಲ್ ಅವರೇ, ಆ ಹನ್ನೊಂದು ವಾರ ನೀವು ಒಳಗಿದ್ರಿ, ಇವರು ಹೊರಗಿದ್ರು. ಇವತ್ತು ಇವರು ಒಳಗಿದಾರೆ, ನೀವು ಹೊರಗಿದೀರಿ. ಇವರಿಗೆ ಬರಬೇಕಾಗಿದ್ದ ಸಂಬಳ ಯಾರ ಜೇಬಿಗೆ ಹೋಯ್ತು?"

ವೆಂಡೆಲ್ ಕತ್ತು ಕೆರೆದುಕೊಂಡ. "ನನ್ನ ಜೇಬಿಗೇ ಹೋಗಿರಬೇಕು, ಮೇಡಂ."

"ವಾರಕ್ಕೆ ಎಷ್ಟು ಕೊಡ್ತಿದ್ರು?"

"ನಾನೂರು."

"ಬೆಲೇಲಿ ಮುರ್ಕೊಳ್ಳಿ."

ವೆಂಡೆಲ್ ಬೆರಳು ಮಡಿಸಿ ಲೆಕ್ಕ ಹಾಕಿದ. ಹದಿನೇಳು ಸಾವಿರದ ಆರುನೂರಕ್ಕೆ ಬಂದು ನಿಂತ. "ಆಯ್ತು," ಎಂದ. "ಇಷ್ಟು ವರ್ಷದಲ್ಲಿ ಬೈದೋರು ಬಹಳ ಜನ. ಕೇಳಿದೋರು ನೀವೇ ಮೊದಲು."

"ಅದು ಕಂಪನಿ ಕೊಡಬೇಕಾದ ದುಡ್ಡು!" ಕಕ್ಕಸು ಕಿರುಚಿತು. "ಅವನ ದುಡ್ಡು ನಂಗೆ ಬೇಡ! ನಿಯಮ! ಮತಕ್ಕೆ ಹಾಕು!"

"ಹಾಕ್ತೀನಿ. ಈ ಬಂಡಿ ಕೊಳ್ಳೋದು ಅಂತ ಪ್ರಸ್ತಾವ. ಪರವಾಗಿರೋರು?" ಡೆಲ್ಫಿನಾ ಕೈ ಎತ್ತಿದಳು. "ಒಂದು. ವಿರೋಧ?"

"ನಾನು! ಎತ್ತಿದೀನಿ! ಎರಡೂ ಕೈ ಎತ್ತಿದೀನಿ!"

"ಸಭೆಗೆ ಕಾಣ್ತಿಲ್ಲ."

"ಬಾಯಿಬಿಟ್ಟು ಹೇಳ್ತಿದೀನಲ್ಲೇ!"

"ಬಾಯಲ್ಲಿ ಕೂಗಿದ್ದು ಲೆಕ್ಕಕ್ಕಿಲ್ಲ. ನಿಯಮ ಯಾರದ್ದು?"

ನಿಯಮದ ಕರ್ತೃ ತಲೆಯೆತ್ತಿ ಆಕಾಶಕ್ಕೆ ಮೊರೆಯಿಟ್ಟ. ಅಲ್ಲಿ ಆಕಾಶವೇ ಇತ್ತು! ಕಕ್ಕಸಿನ ಚಾವಣಿಯಲ್ಲಿ ಗಾಳಿಗೆಂದು ಬಿಟ್ಟ ಒಂದು ಚೌಕ ಕಿಂಡಿ, ಅದಕ್ಕೊಂದು ಗಾಜಿನಂಥ ಮುಚ್ಚಳ. ಯುಸೇಬಿಯೊ ಕಮೋಡಿನ ಮೇಲೆ ಹತ್ತಿ ಮುಚ್ಚಳ ಗುದ್ದಿ ಎಬ್ಬಿಸಿ ತೋಳು ಹೊರಕ್ಕೆ ತೂರಿಸಿದ. ಬಂಡಿಯ ನೆತ್ತಿಯಿಂದ ಒಂದು ಕೈ ಎದ್ದು ನಿಂತಿತು, ಆ ಮರುಭೂಮಿಯ ಕಳ್ಳಿಗಿಡಗಳ ಜೊತೆ ತಾನೂ ಒಂದು ಎಂಬಂತೆ.

"ನೋಡೇ! ಈಗ ನೋಡೇ!"

ಬಂಡಿಯೊಳಗೆ ಕೂತಿದ್ದ ಡೆಲ್ಫಿನಾಗೆ ಚಾವಣಿಯ ಮೇಲಿನದು ಹೇಗೆ ಕಾಣಬೇಕು? ಚಾರ್ಜರ್ ಸರಿಯಾಗಿದೆಯೇ ನೋಡಲು ಆಗತಾನೇ ಹೊರಗೆ ಇಳಿದಿದ್ದ ವೆಂಡೆಲ್ ಮಾತ್ರ ಅದನ್ನು ಕಂಡ.

"ಮೇಡಂ," ಎಂದು ಕಿಟಕಿಯಿಂದ ಕೂಗಿದ, "ಮೇಲೆ ಒಂದು ಕೈ ಬಂದಿದೆ. ನಿಮ್ಮೋರದ್ದೇ ಅನ್ಸುತ್ತೆ. ವಿರೋಧದ ಕೈ."

"ಯಾರು ನೋಡಿದ್ದು?"

"ನಾನೇ."

"ಕ್ಷಮಿಸಿ ವೆಂಡೆಲ್ ಅವರೇ. ನೀವು ಗೇಟು ದಾಟಿದವರು. ನಿಮ್ಮ ಸಾಕ್ಷಿ ನಮ್ಮ ಸಭೇಲಿ ನಡೆಯಲ್ಲ."

ಆಗ ಕಕ್ಕಸಿನೊಳಗಿಂದ ಒಂದು ಮಾತು ಬಂತು. ಆ ಗಣಿಯ ಊರಿನಲ್ಲಿ ಅದನ್ನು ಯಾರೂ ಆಡಿದ್ದಿಲ್ಲ, ಯುಸೇಬಿಯೊ ಬರಾಸ ಆಡುತ್ತಾನೆಂದು ಕನಸಿನಲ್ಲೂ ನೆನೆದಿದ್ದಿಲ್ಲ.

"ಅವನನ್ನ ನಂಬೇ! ಅವನು ನಿಜ ಹೇಳ್ತಿದಾನೆ! ಒಳ್ಳೇ ಮನುಷ್ಯ ಕಣೇ!"

"ಅಯ್ಯೋ ದೇವರೇ," ಎಂದಳು ಡೆಲ್ಫಿನಾ. "ಒಳಗಿರೋದು ನನ್ನ ಗಂಡಾನೇನಾ? ಒಂದು, ಸೊನ್ನೆ. ಪ್ರಸ್ತಾವ ಪಾಸು."

ಬ್ಯಾಟರಿಗೆ ಜೀವ ಬಂದು, ಜಾರುಗೋಡೆ ಜಾರಿ, ಬಾಗಿಲು ತೆರೆಯುವ ಹೊತ್ತಿಗೆ ಡೆಲ್ಫಿನಾ ಹಣ ಎಣಿಸಿ ಕೊಟ್ಟಾಗಿತ್ತು. ಯುಸೇಬಿಯೊ ಹೊರಬಂದ. ಅಷ್ಟು ಹೊತ್ತೂ ಎತ್ತಿ ಹಿಡಿದಿದ್ದ ತೋಳು ಮರಗಟ್ಟಿ, ಅರ್ಧ ಮಾತ್ರ ಇಳಿದು, ನೇರ ಮುಂದಕ್ಕೆ ಚಾಚಿಕೊಂಡಿತ್ತು. ವೆಂಡೆಲ್ ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡ. ಎರಡೂ ಕೈಯಿಂದ ಹಿಡಿದು, ಬಹಳ ಹೊತ್ತು ಕುಲುಕಿದ. ಎಳೆದುಕೊಳ್ಳೋಣವೆಂದರೆ ತೋಳು ಯುಸೇಬಿಯೊನ ಮಾತು ಕೇಳಲಿಲ್ಲ.

ಈಗ ಇಬ್ಬರೂ ಆ ಬಂಡಿಯಲ್ಲೇ ಇದ್ದಾರೆ. ಮಳೆ ಬಂದರೂ ಸೋರುವುದಿಲ್ಲ. ಯುಸೇಬಿಯೊ ಹಾಸಿಗೆಗೆ ಬಿದ್ದರೆ ಗೊರಕೆ. ಆದರೂ ಪ್ರತಿ ಭಾನುವಾರ ಊಟದ ಮೇಲೆ ಎದ್ದು ನಿಂತು, ಆವತ್ತು ಚಾವಣಿಯ ಮೇಲೆ ಬಂದ ಕೈಯನ್ನು ಎಣಿಸತಕ್ಕದ್ದು ಎಂದು ಪ್ರಸ್ತಾವ ಮಂಡಿಸುತ್ತಾನೆ.

"ಎಣಿಸಿದ್ರೆ ಸಮಸಮ ಆಗುತ್ತೆ, ಬಂಡಿ ವಾಪಸ್ ಹೋಗುತ್ತೆ. ಆಮೇಲೆ ಎಲ್ಲಿ ಬಿದ್ಕೋತೀಯ?" ಎನ್ನುತ್ತಾಳೆ ಡೆಲ್ಫಿನಾ.

"ಅದು ಬೇರೆ ಪ್ರಸ್ತಾವ," ಎನ್ನುತ್ತಾನೆ ಯುಸೇಬಿಯೊ. ಕೈ ಎತ್ತುತ್ತಾರೆ. ಒಂದು, ಒಂದು. ಬಿದ್ದುಹೋಯಿತು.

ಅವನಿಗೀಗ ಬೇಕಾಗಿರುವುದು ಗೇಟು ದಾಟದ ಒಬ್ಬ ಸಾಕ್ಷಿ. ನೀವಂತೂ ಇಷ್ಟು ಹೊತ್ತೂ ಆ ಚಾವಣಿಯನ್ನು ನೋಡುತ್ತಲೇ ಕೂತಿದ್ದಿರಿ. ಕೈ ಬಂದದ್ದು ಕಂಡಿರಿ; ಕಾಣಲಿಲ್ಲ ಎನ್ನಬೇಡಿ. ಮುದುಕ ಮುದುಕಿ ಬೀದಿಗೆ ಬಿದ್ದಾರು ಎಂದು ಈಗ ಕೈ ಕಟ್ಟಿ ಕೂರುವುದೂ ಒಂದು ಗೇಟು ದಾಟಿದ ಹಾಗೆಯೇ. ಹಾಗಿದ್ದರೆ ಹೇಳಿ, ನೀವು ಯಾವ ಕಡೆ? ಬಾಯಲ್ಲಿ ಬೇಡ. ಕೈ ಎತ್ತಿ. ಕಾಣುವ ಹಾಗೆ ಎತ್ತಿ!