ಜಲ್ಲಿ ರಾಶಿಯ ಮೇಲೆ ಸಂಸಾರ ಹೂಡಿದ ಟಿಟ್ಟಿಭ ಹಕ್ಕಿ ದಂಪತಿಗೆ

ಮಾನ್ಯರೇ,

ಕಣ್ಣಂಚಿನ ಕೆಂಪಿನಿಂದಲೂ ಹಳದಿ ಕಾಲುಗಳ ಗತ್ತಿನಿಂದಲೂ ಆತಗೂರು ಹೋಬಳಿಯ ಬಯಲನ್ನೆಲ್ಲ ಆಳುತ್ತಿರುವ ತಮ್ಮಿಬ್ಬರಿಗೂ ನಮಸ್ಕಾರಗಳು. ನಾನು ಶಿವರಾಜು, ಗೆಜ್ಜಲಗೆರೆಯ ಕಾರ್ಖಾನೆಯೊಂದರ ನೌಕರ, ವೀಣಳ ಗಂಡ, ಏಳು ವರ್ಷದ ರಂಜಿತ ಮತ್ತು ನಾಲ್ಕು ವರ್ಷದ ಅಪ್ಪುವಿನ ತಂದೆ. ತಾವು ನನ್ನನ್ನು ಮೇಲಿನಿಂದ ಮಾತ್ರ ನೋಡಿ ಬಲ್ಲಿರಾದ್ದರಿಂದ ಇಷ್ಟು ಪರಿಚಯ ಅಗತ್ಯವೆನಿಸಿತು.

ಏಪ್ರಿಲ್ ಮೊದಲ ವಾರದಲ್ಲಿ ಅಂಗಳಕ್ಕೆ ಕಾಂಕ್ರೀಟು ಹಾಕಿಸಲೆಂದು ನಾನು ಒಂದು ಲೋಡು ಜಲ್ಲಿ ತರಿಸಿದ್ದೆ. ಮೇಸ್ತ್ರಿ ಕೆಂಪಸಿದ್ದಯ್ಯನವರು ಹೇಳಿದ್ದಕ್ಕಿಂತ ಒಂದು ವಾರ ತಡವಾಗಿ ಬಂದರು. ತಾವಾದರೋ ತಡ ಮಾಡುವವರಲ್ಲ. ಅಷ್ಟರಲ್ಲಿ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳನ್ನು ರಾಶಿಯ ನೆತ್ತಿಯ ಮೇಲಿಟ್ಟು ಕಾವಿಗೆ ಕೂತಿದ್ದಿರಿ. ಮೇಸ್ತ್ರಿಗಳು ಬಾಂಡ್ಲಿ ಹಿಡಿದು ಹತ್ತಿರ ಹೋದೊಡನೆ ತಾವು ಕಿರುಚುತ್ತ ಅವರ ತಲೆಯ ಟವೆಲ್ಲಿನ ಮೇಲೆರಗಿದ್ದನ್ನು ಅವರು ಇನ್ನೂ ಮರೆತಿಲ್ಲ. "ಇದೇನ್ಲಾ ಸಿವರಾಜ, ನಾಯಿ ಸಾಕೋ ಬದ್ಲು ಇದ್ನ ಮಡಗಿದ್ದೀಯಾ?" ಎಂದು ಬೀದಿಗೆ ಓಡಿಹೋಗಿ ನಿಂತು ಕೇಳಿದರು.

ಮೊಟ್ಟೆಗಳನ್ನು ಮೆಲ್ಲಗೆ ಪಕ್ಕಕ್ಕಿಡೋಣವೆಂದೆ. ರಂಜಿತ ಎರಡೂ ಕೈ ಚಾಚಿ ಅಡ್ಡ ನಿಂತು, "ಮುಟ್ಟುದ್ರೆ ನಾನ್ ಉಣ್ಣಕಿಲ್ಲ" ಎಂದಳು. ನನ್ನ ತಾಯಿ ಇಂದ್ರಮ್ಮನವರನ್ನು ನ್ಯಾಯಕ್ಕೆ ಕರೆದರೆ, "ಬಾಣ್ತಿ ಕುಂತ ಜಾಗದಿಂದ ಎಬ್ಬುಸ್ಬಾರ್ದು ಕಣ್ಲಾ. ಅಂಗ್ಳ ಎಲ್ಗೂ ಓಡೋಗಕಿಲ್ಲ, ಬುಡು" ಎಂದು ತಮ್ಮ ಪರವಾಗಿ ತೀರ್ಪು ಕೊಟ್ಟರು.

ಅಂದಿನಿಂದ ನಾನು ಬೈಕನ್ನು ಪಕ್ಕದ ಮನೆಯಲ್ಲಿ ನಿಲ್ಲಿಸಿ, ದನದ ಕೊಟ್ಟಿಗೆಯ ಮೂಲಕ ನನ್ನದೇ ಮನೆಯನ್ನು ಕಳ್ಳನಂತೆ ಹೊಕ್ಕೆ. ರಂಜಿತ ಹಳೆಯ ನೋಟ್‌ಬುಕ್ಕಿನಲ್ಲಿ ಕಾವಲಿನ ಪಾಳಿ ಬರೆದಳು: ಬೆಳಿಗ್ಗೆ ಅಜ್ಜಿ, ಮಧ್ಯಾಹ್ನ ತಾನು ಮತ್ತು ತಮ್ಮ, ಸಂಜೆ ಅಪ್ಪ-ಅಮ್ಮ. ಫೋನು ಕೈಗಿಡದೆ ಊಟಕ್ಕೆ ಬಾಯಿ ತೆರೆಯದಿದ್ದ ಅಪ್ಪು, ತಮ್ಮನ್ನು ನೋಡುತ್ತ ನೋಡುತ್ತ ಅರ್ಧ ಮುದ್ದೆಯನ್ನು ಸದ್ದಿಲ್ಲದೆ ನುಂಗತೊಡಗಿದ. ಮದುವೆಯಾಗಿ ಒಂಬತ್ತು ವರ್ಷವಾದರೂ ಜಗಲಿಯ ಮೇಲೆ ಒಟ್ಟಿಗೆ ಕೂತು ಅಭ್ಯಾಸವಿಲ್ಲದ ನನ್ನನ್ನೂ ವೀಣಳನ್ನೂ ಪ್ರತಿ ಸಂಜೆ ಒಂದು ಗಂಟೆ ಕೂರಿಸಿ, ಪಿಸುಮಾತಿನಲ್ಲೇ ಮಾತಾಡುವಂತೆ ಮಾಡಿದಿರಿ. ಪಿಸುಮಾತಿನಲ್ಲಿ ಜಗಳವಾಡುವುದು ಎಷ್ಟು ಕಷ್ಟವೆಂಬ ಅರಿವು ತಮಗಿರಲಾರದು.

ಅತ್ಯಂತ ದೊಡ್ಡ ನಷ್ಟವನ್ನು ಈಗ ನಿವೇದಿಸುತ್ತೇನೆ. ಮೂರು ವರ್ಷದಿಂದ ಮಕ್ಕಳಿಗೆ ಹೇಳುತ್ತಲೇ ಇದ್ದ ಶಿವನಸಮುದ್ರದ ಪ್ರವಾಸಕ್ಕೆ ಕೊನೆಗೂ ರಜೆ ಸಿಕ್ಕಿ, ಗೆಳೆಯ ಸಿದ್ದರಾಜುವಿನ ಕಾರು ಬೀದಿಗೆ ಬಂದು, ಚಿತ್ರಾನ್ನದ ಡಬ್ಬಿ ಮುಚ್ಚಿಯಾದ ಮೇಲೆ ಅಪ್ಪು ಕಂಬ ತಬ್ಬಿಕೊಂಡ. "ನಾವು ಒಂಟೋದ್ಮೇಲೆ ಕಾಗೆ ಬಂದ್ರೆ ಯಾರಪ್ಪ ನೋಡ್ಕೊಳೋದು?" ಎಂದು ಕೇಳಿದ. ನಾನು ಡಬ್ಬಿಯ ಮುಚ್ಚಳ ತೆಗೆದೆ. ಸಿದ್ದರಾಜುವೂ ಸೇರಿ ಎಲ್ಲರೂ ಜಗಲಿಯಲ್ಲೇ ಚಿತ್ರಾನ್ನ ತಿಂದೆವು. ಉರಿಬಿಸಿಲಿನ ಆ ಹೊತ್ತಿಗೆ ತಮ್ಮಲ್ಲೊಬ್ಬರು ಕೆರೆಯಿಂದ ಹಾರಿಬಂದು, ನೆನೆದ ಹೊಟ್ಟೆಯನ್ನು ಕಾದ ಮೊಟ್ಟೆಗಳ ಮೇಲೆ ಊರಿ ಕೂತರು. "ಅಪ್ಪಾ, ಅದು ಮೊಟ್ಟೆಗೆ ನೀರು ತತ್ತೈತೆ!" ಎಂದ ಅಪ್ಪು. ಜಲಪಾತದ ನೀರನ್ನೆಲ್ಲ ತೋರಿಸಿದ್ದರೂ ಅವನು ಅಷ್ಟು ಹೊತ್ತು ನೋಡುತ್ತಿರಲಿಲ್ಲವೆಂಬುದು ತಂದೆಯಾದ ನನಗೆ ಎಂಥ ಅವಮಾನ!

ಮೇ ಎರಡನೇ ವಾರ ಮೂರು ಮೊಟ್ಟೆ ಒಡೆದವು. ನಾಲ್ಕನೆಯದು ಒಡೆಯಲಿಲ್ಲ. ತನ್ನ ಪಾಳಿಯಲ್ಲೇ ಏನೋ ತಪ್ಪಾಯಿತೆಂದು ರಂಜಿತ ಅತ್ತಳು. ವೀಣ ಅವಳನ್ನು ಮಡಿಲಿಗೆಳೆದುಕೊಂಡು ತಲೆ ಸವರಿದಳು.

ಮರುದಿನ ಬೆಳಿಗ್ಗೆ ಯಾವ ಮುನ್ಸೂಚನೆಯೂ ಇಲ್ಲದೆ ತಾವು ಮರಿಗಳನ್ನು ಕರೆದುಕೊಂಡು ರಸ್ತೆ ದಾಟಿ ಕೆರೆಗೆ ಹೊರಟಿರಿ. ಅದೇ ಹೊತ್ತಿಗೆ ಕಬ್ಬಿನ ಟ್ರಾಕ್ಟರು ಬಂತು. ನಾನು ಬನಿಯನ್ನಿನಲ್ಲೇ ಓಡಿ, ರಸ್ತೆಯ ನಡುವೆ ಕೈ ಅಗಲಿಸಿ ನಿಂತೆ. "ಯಾಕ್ಲಾ, ಸಾಯಕ್ಕೆ ನನ್ ಗಾಡೀನೇ ಬೇಕಿತ್ತಾ?" ಎಂದು ಬೈಯುತ್ತ ಚಾಲಕ ನಿಲ್ಲಿಸಿದ. ಎರಡು ಮರಿ ದಾಟಿದವು. ಮೂರನೆಯದು ಟ್ರಾಕ್ಟರಿನ ಚಕ್ರದ ಮುಂದೆಯೇ ನೆಲಕ್ಕಂಟಿ ಕೂತಿತು. ಏಕೆಂದರೆ ಮೇಲಿನಿಂದ ತಾವು ಅಪಾಯ ಅಪಾಯವೆಂದು ಕೂಗುತ್ತಲೇ ಇದ್ದಿರಿ. ಆ ಅಪಾಯ ನಾನೇ ಎಂದು ತಿಳಿದು ಮೂರು ಸಲ ನನ್ನ ತಲೆಗೆ ಕುಕ್ಕಿದಿರಿ. ಚಾಲಕ ಎಂಜಿನ್ ಆರಿಸಿದ. ಹಿಂದೆ ಬಂದ ಬಸ್ಸಿನವರೂ ಇಳಿದು ನೋಡುತ್ತ ನಿಂತರು. ನಾನು ಹಿಂದೆ ಸರಿದ ಮೇಲೆ ತಾವು ಮೆತ್ತಗೆ ಕರೆದಿರಿ, ಮರಿ ಎದ್ದು ಓಡಿತು. ಅಪ್ಪು ಬಸ್ಸಿನವರಿಗೆಲ್ಲ ಕೇಳುವಂತೆ, "ನಮ್ಮಪ್ಪ ಕಣ್ರೋ!" ಎಂದು ಕೂಗಿದ. ಕುಕ್ಕಿದ್ದರ ಉರಿ ನನಗೆ ಆಮೇಲೆ ತಿಳಿಯಿತು.

ಆದ್ದರಿಂದ ಕೋರಿಕೆಯೇನೆಂದರೆ, ನಾವು ದಿನವೂ ಸಂಜೆ ಕೆರೆ ಏರಿಗೆ ಬರುವಾಗ ದಯಮಾಡಿ ಮೂರೂ ಮರಿಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೊಡಿಸಬೇಕು. ನಿನ್ನೆ ಎರಡೇ ಕಂಡದ್ದರಿಂದ, ಮೂರನೆಯದು ಹುಲ್ಲಿನಿಂದ ಹೊರಬರುವವರೆಗೂ ಮಕ್ಕಳು ನಮ್ಮನ್ನು ಮನೆಗೆ ಹೋಗಗೊಡಲಿಲ್ಲ.

ನೆತ್ತಿಯ ಗಾಯ ಮಾಯುತ್ತಿರುವ, ಆದಾಗ್ಯೂ ತಮ್ಮ ವಿಶ್ವಾಸಿ,
ಶಿವರಾಜು

ಮರೆತ ಮಾತು: ಇಂದು ಬೆಳಿಗ್ಗೆ ನಮ್ಮ ಬಚ್ಚಲುಮನೆಯ ಕಿಟಕಿಗೆ ಪಿಕಳಾರ ಹಕ್ಕಿಗಳ ಜೋಡಿಯೊಂದು ಗೂಡಿಗೆಂದು ನಾರು ತರುತ್ತಿರುವುದು ಕಂಡುಬಂದಿದೆ. ಈ ಮನೆಯವರು ಒಳ್ಳೆಯವರೆಂದು ಅವರಿಗೆ ಹೇಳಿದವರು ತಾವೇ ಆಗಿದ್ದಲ್ಲಿ, ನಾವು ಐದು ಜನ ಇನ್ನು ಮುಂದೆ ಎಲ್ಲಿ ಸ್ನಾನ ಮಾಡಬೇಕೆಂಬುದನ್ನೂ ತಾವೇ ತಿಳಿಸುವುದು. ಏಕೆಂದರೆ ರಂಜಿತ ಆಗಲೇ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದಾಳೆ.