ಯಾವ ಒಗೆ?

ಮೊಮ್ಮಕ್ಕಳನ್ನು ಕಂಡ ಮೇಲೆ ನನಗೊಬ್ಬಳು ಸವತಿ ಬಂದಿದ್ದಾಳೆ. ಕಪ್ಪು ಮೈ, ಚೌಕ ಮುಖ. ನನ್ನ ಗಂಡನ ಎಡಗೈ ಮಣಿಕಟ್ಟೇ ಅವಳ ಬಿಡಾರ. ಆಗಾಗ ಹಸಿರು ಕಣ್ಣು ಹೊಡೆಯುತ್ತಾಳೆ. ಇವರು ಅವಳ ಮುಖ ನೋಡುವಷ್ಟು ಸಲ ನನ್ನ ಮುಖ ನೋಡಿದ್ದರೆ ನಾನು ಇಷ್ಟು ಸಿಡುಕಿ ಆಗುತ್ತಲೇ ಇರಲಿಲ್ಲ.

ಅವಳು ಮನೆಗೆ ಬಂದ ಕಥೆ ಹೇಳಿಬಿಡುತ್ತೇನೆ. ನಮ್ಮ ಯಜಮಾನರು, ಹನಕೆರೆಯ ಕೆಂಪಸಿದ್ದಯ್ಯನವರು (ಬರೆಯಬಹುದು, ಬಾಯಲ್ಲಿ ಹೇಳುವ ಹಾಗಿಲ್ಲ), ಅರ್ಧ ಆಯಸ್ಸನ್ನು ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾ ಕಳೆದವರು. ಆ ಹೊಗೆ ಸಾಲದೆಂದು ಮೇಲೆ ಬೀಡಿ. ಹೋದ ವರ್ಷ ಅವರ ಶ್ವಾಸಕೋಶಗಳೆರಡೂ ಅಸಹಕಾರ ಚಳವಳಿ ಹೂಡಿದವು. ಮಂಡ್ಯದ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿ ಮಲಗಿಸಿದರು. ಈ ಮನುಷ್ಯ ಎದ್ದು ಬಂದರೆ ಇನ್ನು ಜನ್ಮದಲ್ಲಿ ಬೈಯುವುದಿಲ್ಲ ಎಂದು ನಾನು ಹೊರಗೆ ಬೆಂಚಿನ ಮೇಲೆ ಕೂತು ಹರಕೆ ಹೊತ್ತೆ. ಎದ್ದು ಬಂದರು. ಬೀಡಿ ಬಿಟ್ಟೆ ಎಂದು ನನ್ನ ತಲೆ ಮುಟ್ಟಿ ಆಣೆಯಿಟ್ಟರು. (ನನ್ನ ಹರಕೆ ಏನಾಯಿತು ಎಂಬ ವಿಚಾರ ಈಗ ಬೇಡ.)

ಡಾಕ್ಟರ್ ಗಗನ ಉಡುಪಿ ಕಡೆಯವರು, ಮಂಡ್ಯಕ್ಕೆ ಹೊಸಬರು. ಅವರ ಕನ್ನಡ ಪುಸ್ತಕದಿಂದ ಇಳಿದು ಬಂದ ಹಾಗೆ, ಒಂದು ಹಕಾರವೂ ಉದುರುವುದಿಲ್ಲ. ನಮ್ಮ ಬಾಯಲ್ಲಾದರೋ ಹಕಾರ ನಿಲ್ಲುವುದೇ ಇಲ್ಲ. ಅವರೇ ಇವರ ಕೈಗೆ ಈ ವಾಚು ಕಟ್ಟಿದ್ದು.

"ಇದು ನಿಮ್ಮ ಆಮ್ಲಜನಕ, ನಾಡಿ, ನಡಿಗೆ ಎಲ್ಲವನ್ನೂ ನನ್ನ ಫೋನಿಗೆ ಕಳಿಸುತ್ತದೆ. ಕಾಯಿಲೆ ಜೋರಾಗುವ ಮೊದಲೇ ನನಗೆ ತಿಳಿದರೆ ಮತ್ತೆ ಇಲ್ಲಿ ಮಲಗುವುದು ತಪ್ಪಬಹುದು. ಹತ್ತಿರ ಹೊಗೆ ಮಾತ್ರ ಸುಳಿಯಬಾರದು," ಎಂದರು.

ಬಸ್ಸು ಹತ್ತಿದ ಮೇಲೆ ಇವರು ಮುಖ ಹುಳ್ಳಗೆ ಮಾಡಿದರು. "ಇದು ವಾಚಲ್ಲ ಕಣಮ್ಮಿ, ಕೋಳ. ಕಕ್ಕಸ್ಗೆ ಓದ್ರೂ ಮಂಡ್ಯಕ್ಕೆ ಗೊತ್ತಾಯ್ತದೆ."

"ಗೊತ್ತಾಗ್ಲಿ ಬುಡಿ. ನಂಗಂತೂ ಏನೂ ಯೋಳಕಿಲ್ಲ ನೀವು. ಅವ್ರಿಗಾದ್ರೂ ಗೊತ್ತಾಗ್ಲಿ."

ಮೊದಮೊದಲು ಇವರ ಕೆಲಸವೇ ಅದರ ಮುಖ ನೋಡುವುದು. ನೋಡುವಾಗ ಉಸಿರು ಬಿಗಿ ಹಿಡಿಯುತ್ತಿದ್ದರು. ಹಿಡಿದರೆ ಅಂಕಿ ಇಳಿಯುತ್ತಿತ್ತು. ಇಳಿದದ್ದು ಕಂಡು ಗಾಬರಿ, ಗಾಬರಿಗೆ ಇನ್ನಷ್ಟು ಏದುಸಿರು. "ಉಸ್ರಾಡ್ರೀ!" ಎಂದು ಕೂಗಿದರೆ, "ತಡಿಯಮ್ಮಿ, ಓದ್ತಾ ಇವ್ನಿ" ಎನ್ನುತ್ತಿದ್ದರು. ನಾನೇನು ಕಮ್ಮಿ? ಅಂಕಿ ಒಂದು ಮೆಟ್ಟಿಲು ಇಳಿದರೂ ಡಾಕ್ಟರಿಗೆ ಫೋನು.

"ನಾಗಮಣಿಯವರೇ," ಎಂದರು ಒಂದು ದಿನ ಅವರು, ಬಹಳ ಸುಸ್ತಾದ ದನಿಯಲ್ಲಿ, "ಇಂಥ ವಾಚು ಕಟ್ಟಿಕೊಂಡವರು ನನಗೆ ಬಹಳ ಜನ ಇದ್ದಾರೆ. ಎಲ್ಲ ಅಂಕಿಯ ಹಿಂದೆ ಓಡಿದರೆ ನನಗೇ ಉಬ್ಬಸ ಬಂದೀತು. ವಾಚು ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಆದರೆ ದಿನಾ ದೀಪ ಹಚ್ಚುವ ಹೊತ್ತಿಗೆ ಅವರ ಆಮ್ಲಜನಕ ತಪ್ಪದೇ ಇಳಿಯುತ್ತಿದೆ. ಹೀಗೇ ಆದರೆ ಮನೆಯಲ್ಲೂ ಮೂಗಿಗೆ ಕೊಳವೆ ಹಾಕಬೇಕಾಗುತ್ತದೆ. ಯಾಕೆ ಅಂತ ನೀವೇ ಸ್ವಲ್ಪ ನೋಡಿ."

ಕೊಳವೆ ಎಂಬ ಮಾತಿಗೇ ಆಸ್ಪತ್ರೆಯ ಆ ಹಾಸಿಗೆ ಕಣ್ಣ ಮುಂದೆ ಬಂತು. ಅದು ನನ್ನ ಮನೆಯೊಳಗೆ ಬರಕೂಡದು. ಆವತ್ತಿನಿಂದ ನಾನು ಪತ್ತೇದಾರಿಣಿಯಾದೆ. ಹೊಗೆ ಸುಳಿಯಬಾರದು ಎಂದಿದ್ದರಲ್ಲ? ನಮ್ಮ ಮನೆಯಲ್ಲಿ ಹೊಗೆ ಎಂದರೆ ಬೀಡಿ. ಇವರ ಟವೆಲು ಮೂಸಿದೆ. ಜೇಬು ತಡಕಿದೆ. ರಾಗಿ ಡ್ರಮ್ಮಿನೊಳಗೆ ಮೊಣಕೈವರೆಗೂ ಕೈ ಹಾಕಿ ಹುಡುಕಿದೆ (ಸಿಕ್ಕಿದ್ದು ಹೋದ ವರ್ಷ ಕಳೆದಿದ್ದ ನನ್ನ ಸೌಟು). ಕೊನೆಗೆ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿಗೇ ಹೋಗಿ, ಇವರ ಗೆಳೆಯ ಮಹದೇವುವನ್ನು ಹಿಡಿದೆ.

"ಬೀಡಿಯಾ? ಅಯ್ಯೋ ಅಕ್ಕಾ, ಅವ್ನು ನಂಗೇ ಸೇದಕೆ ಬುಡ್ತಾ ಇಲ್ಲ. ಬೆಂಕಿ ಗೀಚಿದ್ರೆ ಎದ್ದು ಪ್ಲಾಟ್‌ಫಾರಂ ಆ ತುದೀಗ್ ಓಯ್ತಾನೆ!"

ನಾನು ನಂಬಲಿಲ್ಲ. ಗಂಡಸರ ಒಗ್ಗಟ್ಟು ಎಂಥದ್ದೆಂದು ನನಗೆ ಗೊತ್ತಿಲ್ಲವೇ?

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರ್ ಮೊದಲು ಇವರೊಬ್ಬರನ್ನೇ ಒಳಗೆ ಕೂರಿಸಿಕೊಂಡು ಮಾತಾಡಿದರು. ಆಮೇಲೆ ನನ್ನನ್ನು ಕರೆದರು. ಅವರ ಹುಬ್ಬು ಗಂಟಿಕ್ಕಿತ್ತು.

"ತಪ್ಪು ತಿಳಿಯಬೇಡಿ, ನಾಗಮಣಿಯವರೇ. ಈ ಪ್ರಾಯದಲ್ಲಿ, ಇಂಥ ಕಾಯಿಲೆ ಇಟ್ಟುಕೊಂಡವರ ಕೈಯಲ್ಲಿ ದಿನಾ ಸಂಜೆ ಬಟ್ಟೆ ಒಗೆಸುವುದಾ?"

"ಬಟ್ಟೆಯಾ? ಇವ್ರ ಕೈಲಾ?"

"ಅವರೇ ಹೇಳಿದರು. ಸಂಜೆ ಹೊತ್ತು ಒಗೆ ಜಾಸ್ತಿ, ಅದಕ್ಕೇ ಉಸಿರು ಕಟ್ಟುತ್ತದೆ, ಮನೆಯವಳಿಗೆ ಹೇಳಬೇಡಿ ಅಂತ."

ನಾನು ನಿಧಾನವಾಗಿ ಇವರ ಕಡೆ ತಿರುಗಿದೆ. ಮದುವೆಯಾದಂದಿನಿಂದ ತನ್ನ ಕರ್ಚೀಫನ್ನೂ ನೀರಿಗೆ ತೋರಿಸದ ಮಹಾನುಭಾವ!

"ಏನ್ರೀ, ಯಾವತ್ ಒಗ್ದಿದ್ರಿ ನೀವು? ಡಾಕ್ಟ್ರಮ್ಮನ್ ಮುಂದೆ ನನ್ ಮಾನ ಕಳೀತೀರಲ್ಲ!"

"ನಾನೆಲ್ಲಮ್ಮಿ ಒಗೆ ಅಂದೆ? ನಾನಂದಿದ್ದು ಒಗೆ!"

"ಅದೇ ಒಗೆ!"

"ಆ ಒಗೆ ಅಲ್ಲ ಕಣಮ್ಮಿ. ಒಗೆ! ಒಗೆ!" ಎನ್ನುತ್ತಾ ಇವರು ಬೆರಳನ್ನು ಸುರುಳಿ ಸುರುಳಿಯಾಗಿ ಸುತ್ತಿ ಫ್ಯಾನಿನ ಕಡೆ ಏರಿಸಿದರು. ಡಾಕ್ಟರ್ ಆ ಬೆರಳನ್ನು ನೋಡಿ ಫ್ಯಾನನ್ನು ನೋಡಿದರು.

ನನಗೆ ಥಟ್ಟನೆ ಹೊಳೆಯಿತು. ಹೊಗೆ!

"ಸಿಕ್ಬಿದ್ರಲ್ಲ! ಬೀಡಿ! ನನ್ ತಲೆ ಮುಟ್ಟಿ ಆಣೆ ಇಕ್ಬುಟ್ಟು... ನೀವು ಮತ್ತೆ ಆ ಆಸ್ಗೆ ಮ್ಯಾಲೆ ಮನಿಕಂಡ್ರೆ ನಾನೇನ್ ಮಾಡ್ಲಿ?" ಬೈಯಲು ಹೊರಟವಳಿಗೆ ಅಳುವೇ ಬಂದುಬಿಟ್ಟಿತು.

"ಸ್ವಲ್ಪ ತಡೆಯಿರಿ," ಎಂದರು ಡಾಕ್ಟರ್. "ಕೆಂಪಸಿದ್ದಯ್ಯನವರೇ, ದೀಪ ಹಚ್ಚುವ ಹೊತ್ತಿಗೆ ನೀವು ಎಲ್ಲಿ ಕೂತಿರುತ್ತೀರಿ?"

ಇವರು ನೆಲ ನೋಡಿದರು. "ಒಲೆ ಮುಂದೆ ಕಣವ್ವ."

"ಯಾವ ಒಲೆ?"

ಅಡುಗೆಯ ವಿಷಯ ಬಂದರೆ ನಾನು ಸುಮ್ಮನಿರುವವಳಲ್ಲ. ಕಣ್ಣೊರೆಸಿಕೊಂಡು ಹೇಳಿದೆ: "ಗ್ಯಾಸ್ ಅದೆ ಡಾಕ್ಟ್ರಮ್ಮ, ಕಾಪಿಗಷ್ಟೆ. ಮುದ್ದೆ, ಬಸ್ಸಾರು ಸೌದೆ ಒಲೇಲೇ ಆಗ್ಬೇಕು. ತೆಂಗಿನ್ ಗರಿ ಉರಿ ಆಕಿ, ಬೆಳ್ಳುಳ್ಳಿ, ಒಣಮೆಣಸಿನ್ಕಾಯಿ ಒಗ್ಗರಣೆ ಕೊಟ್ರೆ ಇಡೀ ಬೀದಿ ಕೆಮ್..."

ಅಷ್ಟರಲ್ಲಿ ನನ್ನ ಮಾತು ನನಗೇ ಕೇಳಿಸಿತು. ಒಲೆಯದಕ್ಕೆ ನಮ್ಮಲ್ಲಿ ಯಾರು ಹೊಗೆ ಎನ್ನುತ್ತಾರೆ ಹೇಳಿ? ಅದು ಅಡುಗೆ. ಒಗ್ಗರಣೆಯದು ಘಾಟು. ಊರೆಲ್ಲ ಹುಡುಕಿದ ಕಳ್ಳಿ ನಾನೇ ಆಗಿದ್ದೆ.

"ಗೊತ್ತಿದ್ದೂ ಅಲ್ಲೇ ಯಾಕೆ ಕೂರುತ್ತೀರಿ?" ಡಾಕ್ಟರ್ ಇವರನ್ನು ಕೇಳಿದರು.

"ದಿನವೆಲ್ಲ ಬೈತಾಳೆ ಕಣವ್ವ. ಬಾಯ್ತುಂಬ ಮಾತಾಡದು ಒಲೆ ಮುಂದೆ ಕೂತಾಗ್ಲೇ. ಒಗೆ ಅಂತ ಬಾಯ್ಬುಟ್ರೆ ಎದ್ದು ಆಚಿಕ್ ಓಗಿ ಅಂದ್ಬುಡ್ತಾಳೆ. ಜಗಲೀಲಿ ಒಬ್ನೇ ಕೂತ್ಕಂಡು ಏನ್ ಮಾಡ್ಲಿ?"

ಬಿಸಿ ಮುದ್ದೆಯ ಆಸೆಗೆ ಬಂದು ಕೂರುತ್ತಾರೆ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಈ ಮನುಷ್ಯ ನನ್ನ ಹರಟೆಗಾಗಿ ಉಸಿರು ಕಟ್ಟಿಸಿಕೊಳ್ಳುತ್ತಿದ್ದರು. ಎಷ್ಟು ಪ್ರೀತಿ ಬಂತೆಂದರೆ ಹೇಳಲಿಕ್ಕೇ ಆಗದು, ಅಷ್ಟೇ ಸಿಟ್ಟೂ ಬಂತು. ಎರಡೂ ಒಟ್ಟಿಗೆ ಗಂಟಲಿಗೆ ಬಂದು ಕೆಮ್ಮು ಹತ್ತಿತು. ಕೆಮ್ಮು ನಿಲ್ಲಲೇ ಇಲ್ಲ.

ಡಾಕ್ಟರ್ ಕಿವಿ ನಿಮಿರಿತು. ನನ್ನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು, ಕೊಳವೆಯೊಂದನ್ನು ಊದಿಸಿದರು. "ಅವರು ಒಲೆಯ ಮುಂದೆ ಕೂತದ್ದು ಈಗೀಗ. ನೀವು ಜೀವಮಾನವಿಡೀ ಕೂತವರು. ನಿಮಗೂ ಒಂದು ವಾಚು ಬೇಕು."

ಮನೆಗೆ ಬರುವಾಗ ನನ್ನ ಕೈಯಲ್ಲೂ ಕೋಳ. ಪಕ್ಕದ ಸೀಟಿನಲ್ಲಿ ಇವರು ಮುಸಿಮುಸಿ ನಗುತ್ತಿದ್ದರು.

ಈಗ ಸೌದೆ ಒಲೆಗೆ ಶಾಶ್ವತ ನಿವೃತ್ತಿ. ಮುದ್ದೆಯೂ ಗ್ಯಾಸಿನ ಮೇಲೆಯೇ. ಎಣ್ಣೆಗೆ ಮೆಣಸಿನಕಾಯಿ ಬೀಳುವ ಹೊತ್ತಿಗೆ ಇವರು ಎದ್ದು ಜಗಲಿಗೆ ಹೋಗುತ್ತಾರೆ, ನಾನು ಕಿಟಕಿಯಿಂದ ಹರಟೆ ಮುಂದುವರಿಸುತ್ತೇನೆ. ಇವರ ಸಂಜೆಯ ಅಂಕಿ ಇಳಿಯುವುದು ನಿಂತಿದೆ. ಕೊಳವೆಯ ಮಾತನ್ನು ಯಾರೂ ಎತ್ತುತ್ತಿಲ್ಲ. ಆದರೆ ಡಾಕ್ಟರ್ ಇನ್ನೊಂದು ಅಪ್ಪಣೆ ಕೊಟ್ಟಿದ್ದರು. ನನಗೆ ವಿಶ್ರಾಂತಿ ಬೇಕಂತೆ, ಇವರಿಗೆ ವ್ಯಾಯಾಮ. ಆದ್ದರಿಂದ ಕೂತಲ್ಲೇ ನಿಧಾನವಾಗಿ ಸಣ್ಣಪುಟ್ಟ ಬಟ್ಟೆಗಳನ್ನು ಇವರೇ ಒಗೆಯಬೇಕಂತೆ!

ನಿನ್ನೆ ಮಧ್ಯಾಹ್ನ ನಿದ್ದೆಯಿಂದೆದ್ದು ಹಿತ್ತಲಿಗೆ ಹೋದೆ. ತಂತಿಯ ಮೇಲೆ ಕಡು ಗುಲಾಬಿ ಬಣ್ಣದ ಸೀರೆಯೊಂದು ಹಾರಾಡುತ್ತಿತ್ತು. ಅಂಥ ಸೀರೆ ನನ್ನ ಹತ್ತಿರ ಇರಲಿಲ್ಲ. ಪಕ್ಕದಲ್ಲೇ ಇವರ ಹೊಸ ಕೆಂಪು ಟವೆಲು ನೇತಾಡುತ್ತಿತ್ತು. ಆಮೇಲೆ ಅರ್ಥವಾಯಿತು. ಅದು ಮಗಳ ಮದುವೆಗೆ ಉಟ್ಟ ನನ್ನ ಕೆನೆ ಬಣ್ಣದ ಸೀರೆ.

"ನೋಡಮ್ಮಿ, ನಾನೇ ಒಗ್ದೆ," ಎಂದರು ಇವರು ಕಲ್ಲಿನ ಮೇಲಿಂದ, ಮುಖವರಳಿಸಿ, ಒಂದಿಷ್ಟೂ ಏದುಸಿರಿಲ್ಲದೆ.

ನಾನು ಬಾಯಿ ತೆರೆದೆ. ಕೈಯಲ್ಲಿದ್ದ ಕೋಳ ಗುಂಯ್ ಎಂದಿತು. ಅದರ ಬೆನ್ನಿಗೇ ಮಂಡ್ಯದಿಂದ ಫೋನು.

"ನಾಗಮಣಿಯವರೇ, ನಿಮ್ಮ ನಾಡಿ ಯಾಕೆ ಇಷ್ಟು ಏರಿದೆ? ಏನಾಯಿತು?"

ಇವರು ಸೋಪಿನ ಕೈಯಲ್ಲೇ ನನ್ನ ಬಾಯಿ ನೋಡುತ್ತಾ ಕೂತಿದ್ದರು. ಬೈಗುಳವನ್ನೆಲ್ಲ ನುಂಗಿಕೊಂಡೆ.

"ಏನಿಲ್ಲ ಡಾಕ್ಟ್ರಮ್ಮ. ವಸಿ ಒಗೆ ಜಾಸ್ತಿಯಾಯ್ತು."



"ಯಾವ ಒಗೆ?" ಎಂದರು ಡಾಕ್ಟರ್.